ಪ್ಯಾಡ್ ಸುಲಭ, ಪಿನ್ನಿನದ್ದೇ ಕೆಲಸ: ಮನೆ ಅಂಗಳದಲ್ಲಿ ಸ್ವಿಫ್ಟ್ ಬ್ರೇಕ್ ರಿಪೇರಿ

ಎಡಗಡೆ ಮುಂದಿನ ಚಕ್ರದಿಂದ ಸಣ್ಣಗೆ ಕೀರಲು ಶಬ್ದ ಬರುತ್ತಿತ್ತು. ನಿಧಾನವಾಗಿ ಹೋಗುವಾಗ ಕೇಳಿಸುತ್ತಿತ್ತು, ಬ್ರೇಕ್ ಒತ್ತಿದರೆ ನಿಲ್ಲುತ್ತಿತ್ತು. ಬಾನೆಟ್ ಎತ್ತಿ ನೋಡಿದರೆ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಟ್ಟ ಕೆಳಗಿನ ಗೆರೆಯ ಹತ್ತಿರ ಬಂದಿತ್ತು. ಚಕ್ರದ ಹತ್ತಿರ, ಪೈಪಿನ ಹತ್ತಿರ ಎಲ್ಲೂ ಸೋರಿದ ಗುರುತಿಲ್ಲ. ಈ ಎರಡು ಲಕ್ಷಣ ಒಟ್ಟಿಗೆ ಕಂಡರೆ ಮೊದಲು ನೋಡಬೇಕಾದ್ದು ಪ್ಯಾಡ್, ಅಂದರೆ ಚಕ್ರದ ಜೊತೆ ತಿರುಗುವ ಲೋಹದ ತಟ್ಟೆಯನ್ನು (ಡಿಸ್ಕ್) ಎರಡೂ ಬದಿಯಿಂದ ಒತ್ತಿ ಹಿಡಿಯುವ ತುಂಡು.

ಶಬ್ದಕ್ಕೆ ಕಾರಣ ಪ್ಯಾಡಿನ ಬೆನ್ನಿಗೆ ಹಾಕಿರುವ ಸಣ್ಣ ಉಕ್ಕಿನ ನಾಲಿಗೆ. ಪ್ಯಾಡ್ ಸವೆದು ತೆಳ್ಳಗಾದಾಗ ಅದು ಡಿಸ್ಕಿಗೆ ತಾಗಿ ಕೂಗುತ್ತದೆ. ಎಚ್ಚರಿಸಲೆಂದೇ ಇಟ್ಟಿರುವುದು ಅದು. ಎಲ್ಲ ಪ್ಯಾಡಿನಲ್ಲೂ ಇರುವುದಿಲ್ಲ, ಹಾಗಾಗಿ ಶಬ್ದ ಬಂದಿಲ್ಲ ಅಂತ ಸುಮ್ನೆ ಕೂರುವ ಹಾಗಿಲ್ಲ. ಆಯಿಲ್ ಮಟ್ಟ ಇಳಿಯುವುದಕ್ಕೂ ಕಾರಣ ಇದೆ. ಪ್ಯಾಡ್ ಸವೆದ ಹಾಗೆ ಅದನ್ನು ಒತ್ತುವ ಪಿಸ್ಟನ್ ಸ್ವಲ್ಪ ಸ್ವಲ್ಪವೇ ಹೊರಗೆ ಬರುತ್ತದೆ. ಅದರ ಹಿಂದೆ ಆದ ಜಾಗಕ್ಕೆ ಆಯಿಲ್ ಹೋಗಿ ತುಂಬುತ್ತದೆ, ಡಬ್ಬಿಯಲ್ಲಿ ಕಡಿಮೆಯಾಗುತ್ತದೆ. ಇದನ್ನು ತಿಳಿಯದೆ ಮೇಲಿನ ಗೆರೆವರೆಗೆ ಆಯಿಲ್ ತುಂಬಿಸಿದರೆ, ಹೊಸ ಪ್ಯಾಡ್ ಹಾಕಲು ಪಿಸ್ಟನ್ ಒಳಗೆ ತಳ್ಳುವಾಗ ಡಬ್ಬಿ ಉಕ್ಕಿ ಹರಿಯುತ್ತದೆ. ಬ್ರೇಕ್ ಆಯಿಲ್ ಪೇಂಟಿಗೆ ಬಿದ್ದರೆ ಪೇಂಟ್ ಎದ್ದು ಬರುತ್ತದೆ. ಬಿದ್ದ ತಕ್ಷಣ ನೀರು ಸುರಿದು ತೊಳೆಯಬೇಕು.

ನಮ್ಮ ಊರು ತೀರ್ಥಹಳ್ಳಿ ಕಡೆ. ಉಡುಪಿಗೋ ಮಣಿಪಾಲಕ್ಕೋ ಹೋಗಬೇಕೆಂದರೆ ಆಗುಂಬೆ ಘಾಟಿ ಇಳಿಯಲೇಬೇಕು. ಹದಿನಾಲ್ಕು ಹಿಮ್ಮುರಿ ತಿರುವು, ಕೆಳಗೆ ಸೋಮೇಶ್ವರದವರೆಗೂ ಇಳಿಜಾರು. ಇಂಥ ದಾರಿಯಲ್ಲಿ ಓಡುವ ಕಾರಿಗೆ ಬ್ರೇಕ್ ಅಂದರೆ ಏನು ಅಂತ ಬೇರೆ ಹೇಳಬೇಕಾಗಿಲ್ಲ. ಜೊತೆಗೆ ನಮ್ಮ ಕಡೆಯ ಮಳೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವುದು ಹೊಸದಲ್ಲ. ಚಕ್ರದ ಒಳಗೆ ಕೆಂಪು ಕೆಸರು, ನೀರು, ಮತ್ತೆ ಕೆಸರು. ಈ ನೀರು ಕೆಸರಿನ ಕೆಲಸ ಏನು ಅಂತ ಈ ಸಲ ಚಕ್ರ ಬಿಚ್ಚಿದಾಗ ಚೆನ್ನಾಗಿ ಕಂಡಿತು. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಕಾರು ಹಳೆಯ ಸ್ವಿಫ್ಟ್. ಮುಂದೆ ಡಿಸ್ಕ್, ಹಿಂದೆ ಡ್ರಮ್. ನಮ್ಮ ರಸ್ತೆಗಳಲ್ಲಿರುವ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಹೀಗೇ ಇವೆ. ಹಾಗಾಗಿ ಇಲ್ಲಿ ಹೇಳುವುದು ವ್ಯಾಗನ್ ಆರ್, ಐ10, ಟಿಯಾಗೊ ಇರುವವರಿಗೂ ಹೆಚ್ಚುಕಡಿಮೆ ಹೊಂದುತ್ತದೆ. ಬೋಲ್ಟಿನ ಸೈಜು, ಕ್ಲಿಪ್ಪಿನ ಆಕಾರ ಬೇರೆ ಇರಬಹುದು, ಕೆಲಸದ ಕ್ರಮ ಅದೇ.

ಸಾಮಾನು

ಪ್ಯಾಡ್ ಕೊಳ್ಳುವಾಗ ಬರೀ "ಸ್ವಿಫ್ಟ್ ಪ್ಯಾಡ್ ಕೊಡಿ" ಅಂದರೆ ಸಾಲದು. ಒಂದೇ ಹೆಸರಿನ ಕಾರು ವರ್ಷ ಬದಲಾದ ಹಾಗೆ, ಪೆಟ್ರೋಲ್ ಡೀಸೆಲ್ ಬದಲಾದ ಹಾಗೆ ಬೇರೆ ಬೇರೆ ಪ್ಯಾಡ್ ತೆಗೆದುಕೊಳ್ಳುತ್ತದೆ. ಆರ್‌ಸಿಯಲ್ಲಿರುವ ಚಾಸಿ ನಂಬರ್ ತೋರಿಸಿ ತೆಗೆದುಕೊಂಡರೆ ತಪ್ಪುವುದಿಲ್ಲ. ಕಂಪನಿ ಪ್ಯಾಡೇ ಆಗಬೇಕೆಂದಿಲ್ಲ. ರಾಣೆ, ಬಾಷ್ ಇವರದ್ದೂ ಒಳ್ಳೆಯ ಪ್ಯಾಡ್ ಬರುತ್ತದೆ. ಸಣ್ಣ ಕಾರಿನ ಮುಂದಿನ ಜೋಡಿಗೆ ಸುಮಾರು ಸಾವಿರದಿಂದ ಎರಡು ಸಾವಿರ ರೂಪಾಯಿ ಆಗುತ್ತದೆ. ಡಬ್ಬಿಯ ಮೇಲೆ ಆಸ್ಬೆಸ್ಟಾಸ್ ಇಲ್ಲ ಅಂತ ಬರೆದಿದೆಯಾ ನೋಡಿ. ನಮ್ಮ ದೇಶದಲ್ಲಿ ಆಸ್ಬೆಸ್ಟಾಸ್ ಬಳಕೆ ಪೂರ್ತಿ ನಿಂತಿಲ್ಲ. ಹಾಗಾಗಿ ಅಗ್ಗದ, ಹೆಸರಿಲ್ಲದ ಪ್ಯಾಡಿನಲ್ಲಿ ಏನು ಸೇರಿದೆ ಅಂತ ಗೊತ್ತಾಗುವುದಿಲ್ಲ. ಆ ದೂಳು ನಮ್ಮ ಅಂಗಳದಲ್ಲೇ, ನಮ್ಮ ಮೂಗಿನ ಕೆಳಗೇ ಏಳುವುದು.

ಪ್ಯಾಡಿನ ಜೊತೆ ನಾನು ಇನ್ನೆರಡು ಸಾಮಾನು ತಂದಿದ್ದೆ. ಒಂದು ಕ್ಯಾಲಿಪರ್ (ಪಿಸ್ಟನ್ ಇರುವ, ಪ್ಯಾಡ್ ಒತ್ತುವ ಭಾಗ) ಜಾರುವ ಪಿನ್ನಿನ ರಬ್ಬರ್ ಕಿಟ್. ಇನ್ನೊಂದು ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸಿನ ಸಣ್ಣ ಟ್ಯೂಬ್. ಅಂಗಡಿಯವರು "ಇದೆಲ್ಲ ಯಾಕೆ ಸಾರ್, ಪ್ಯಾಡ್ ಹಾಕಿದ್ರೆ ಆಯ್ತು" ಅಂದರು. ಹೆಚ್ಚಿನವರು ಹಾಗೇ ಮಾಡುತ್ತಾರೆ. ಇವೆರಡೂ ಇಲ್ಲದೆ ಪ್ಯಾಡ್ ಬದಲಿಸುವುದು ಅರ್ಧ ಕೆಲಸ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಯಾಕೆ ಅಂತ ಮುಂದೆ ಬರುತ್ತದೆ.

ಉಳಿದಂತೆ ಜಾಕ್, ವೀಲ್ ಸ್ಪ್ಯಾನರ್, ಒಂದು ಜೋಡಿ ಜಾಕ್ ಸ್ಟ್ಯಾಂಡ್, 12, 14, 17ರ ರಿಂಗ್ ಸ್ಪ್ಯಾನರ್, ದೊಡ್ಡದೊಂದು ಸಿ ಕ್ಲ್ಯಾಂಪ್, ತಂತಿ ಬ್ರಷ್, ನುಣುಪಾದ ಉಪ್ಪು ಕಾಗದ, ಬ್ರೇಕ್ ಕ್ಲೀನರ್ ಸ್ಪ್ರೇ, ಕಾಂಕ್ರೀಟ್ ಕೆಲಸಕ್ಕೆ ಬಳಸುವ ಬೈಂಡಿಂಗ್ ವೈರ್ ಒಂದು ಮಾರು, ಹಳೆ ಬಟ್ಟೆ, ಕೈಗವಸು, ಮಾಸ್ಕ್. ಬೋಲ್ಟ್ ಎಷ್ಟು ಬಿಗಿಯಾಯಿತು ಅಂತ ತೋರಿಸುವ ಟಾರ್ಕ್ ರೆಂಚ್ ಇದ್ದರೆ ಬಹಳ ಒಳ್ಳೆಯದು.

ಕಾರು ಎತ್ತುವುದು

ಅಡಿಕೆ ಒಣಗಿಸುವ ಸಿಮೆಂಟ್ ಅಂಗಳ ಸಮತಟ್ಟಾಗಿದೆ, ಅಲ್ಲೇ ಕಾರು ನಿಲ್ಲಿಸಿದೆ. ಮಣ್ಣಿನ ಮೇಲೆ ಈ ಕೆಲಸ ಬೇಡ. ಜಾಕ್ ಹೂತು ವಾಲುತ್ತದೆ. ಹ್ಯಾಂಡ್ ಬ್ರೇಕ್ ಎಳೆದು, ಮೊದಲ ಗೇರಿಗೆ ಹಾಕಿ, ಹಿಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಟ್ಟೆ. ಚಕ್ರ ನೆಲದಲ್ಲಿ ಇರುವಾಗಲೇ ವೀಲ್ ನಟ್‌ಗಳನ್ನು ಅರ್ಧ ಸುತ್ತು ಸಡಿಲ ಮಾಡಿಕೊಳ್ಳಬೇಕು. ಎತ್ತಿದ ಮೇಲೆ ಜಗ್ಗಾಡಿದರೆ ಕಾರು ಅಲುಗಾಡುತ್ತದೆ.

ಡಿಕ್ಕಿಯಲ್ಲಿ ಬರುವ ಕತ್ತರಿ ಜಾಕ್ ಚಕ್ರ ಬದಲಿಸಲಿಕ್ಕೆ ಮಾತ್ರ. ಅದರ ಮೇಲೆ ಕಾರು ನಿಲ್ಲಿಸಿಕೊಂಡು ಗಂಟೆಗಟ್ಟಲೆ ಕೆಲಸ ಮಾಡಬಾರದು. ಎತ್ತಿದ ಕೂಡಲೇ ಸ್ಟ್ಯಾಂಡ್ ಕೊಟ್ಟು, ಕಾರಿನ ಭಾರವನ್ನು ಅದರ ಮೇಲೆ ಇಳಿಸಿದೆ. ಬಿಚ್ಚಿದ ಚಕ್ರವನ್ನು ಬಾಗಿಲಿನ ಕೆಳಗೆ, ಸಿಲ್ಲಿನ ಅಡಿಗೆ ಮಲಗಿಸಿ ಇಟ್ಟೆ. ಏನಾದರೂ ಜಾರಿದರೆ ಕಾರು ಚಕ್ರದ ಮೇಲೆ ಕೂರುತ್ತದೆ, ನಮ್ಮ ಕೈ ಮೇಲೆ ಅಲ್ಲ. ನಮ್ಮ ಕಡೆ ಜಂಬಿಟ್ಟಿಗೆ ಕಲ್ಲು ಎಲ್ಲ ಮನೆಯಲ್ಲೂ ಬಿದ್ದಿರುತ್ತದೆ, ಸ್ಟ್ಯಾಂಡಿನ ಬದಲು ಅದನ್ನೇ ಇಡುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಜಂಬಿಟ್ಟಿಗೆ ಒಂದೇ ಕಡೆ ಭಾರ ಬಿದ್ದರೆ ಹೇಳದೆ ಕೇಳದೆ ಪುಡಿಯಾಗುತ್ತದೆ.

ಒಂದು ಕಡೆ ಪೂರ್ತಿ ಮುಗಿಸಿ ಆಮೇಲೆ ಇನ್ನೊಂದು ಕಡೆ ಬಿಚ್ಚಬೇಕು. ಯಾವ ಕ್ಲಿಪ್ ಎಲ್ಲಿತ್ತು ಅಂತ ಗೊಂದಲ ಆದರೆ ಇನ್ನೊಂದು ಕಡೆ ನೋಡಿಕೊಳ್ಳಬಹುದು. ಶಬ್ದ ಬರುತ್ತಿದ್ದದ್ದು ಎಡಗಡೆಯಾದರೂ ನಾನು ಬಲಗಡೆಯಿಂದ ಶುರು ಮಾಡಿದೆ. ಸರಿ ಇರುವ ಬ್ರೇಕ್ ಹೇಗಿರುತ್ತದೆ ಅಂತ ಕೈಗೆ ಮೊದಲು ಗೊತ್ತಾಗಲಿ ಅಂತ.

ಬಲಗಡೆ

ಚಕ್ರ ತೆಗೆದ ಮೇಲೆ ಸ್ಟಿಯರಿಂಗನ್ನು ಒಂದು ಬದಿಗೆ ತಿರುಗಿಸಿದರೆ ಕ್ಯಾಲಿಪರಿನ ಬೆನ್ನು ಹೊರಗೆ ಬರುತ್ತದೆ, ಕೈ ಹಾಕಲು ಜಾಗ ಆಗುತ್ತದೆ. ಬೆನ್ನ ಕಡೆ ಮೇಲೊಂದು ಕೆಳಗೊಂದು ಬೋಲ್ಟ್. ಇವು ಕ್ಯಾಲಿಪರನ್ನು ಎರಡು ಪಿನ್ನುಗಳಿಗೆ ಹಿಡಿದಿರುತ್ತವೆ. ಕೆಳಗಿನದ್ದು ಬಿಚ್ಚಿದರೆ ಕ್ಯಾಲಿಪರ್ ಮೇಲಕ್ಕೆ ಮಡಚಿಕೊಳ್ಳುತ್ತದೆ, ಪ್ಯಾಡ್ ಬದಲಿಸಲು ಅಷ್ಟು ಸಾಕು. ಆದರೆ ನಾನು ಎರಡೂ ಬಿಚ್ಚಿದೆ. ಎರಡೂ ಪಿನ್ ಹೊರಗೆ ತೆಗೆದು ನೋಡಬೇಕಿತ್ತು.

ಬಿಚ್ಚಿದ ಕ್ಯಾಲಿಪರನ್ನು ಬ್ರೇಕ್ ಹೋಸಿನಲ್ಲಿ ಜೋತಾಡಲು ಬಿಡಬಾರದು. ಹೋಸಿನ ಒಳಪದರ ಸೀಳಿದರೆ ಹೊರಗೆ ಏನೂ ಕಾಣುವುದಿಲ್ಲ, ಆದರೆ ಬ್ರೇಕ್ ಕೈಕೊಡುತ್ತದೆ. ಬೈಂಡಿಂಗ್ ವೈರಿನಿಂದ ಸ್ಪ್ರಿಂಗಿಗೆ ಕಟ್ಟಿ ನಿಲ್ಲಿಸಿದೆ. ಈ ಹೊತ್ತಿಗೆ ಹೋಸನ್ನೂ ಬೆರಳಲ್ಲಿ ಬಗ್ಗಿಸಿ ನೋಡಿಬಿಡಿ. ಬಿರುಕು, ಉಬ್ಬು, ತೇವ ಕಂಡರೆ ಅದು ಬೇರೆ ಕೆಲಸ, ಅಲ್ಲಿಗೇ ನಿಲ್ಲಿಸಿ ಗ್ಯಾರೇಜಿಗೆ ಹೇಳಬೇಕು.

ಹಳೆ ಪ್ಯಾಡ್ ಎರಡೂ ಸುಲಭವಾಗಿ ಬಂದವು. ವರ್ನಿಯರಿನಲ್ಲಿ ಅಳೆದರೆ ಒಳಗಿನದ್ದು 4 ಮಿ.ಮೀ., ಹೊರಗಿನದ್ದು ಅದಕ್ಕಿಂತ ಒಂದು ಕೂದಲೆಳೆ ದಪ್ಪ. ಇದು ಉಕ್ಕಿನ ಬೆನ್ನುತಟ್ಟೆ ಬಿಟ್ಟು ಉಳಿದ ಉಜ್ಜುವ ಪದರದ ಲೆಕ್ಕ. ಹೊಸದು ಸುಮಾರು 10 ಮಿ.ಮೀ. ಇರುತ್ತದೆ. 3 ಮಿ.ಮೀ.ಗೆ ಬಂದರೆ ಬದಲಿಸುವ ಯೋಚನೆ ಮಾಡಬೇಕು, 2ಕ್ಕೆ ಇಳಿದರೆ ಮತ್ತೆ ಕಾಯುವ ಹಾಗಿಲ್ಲ. ಬಲಗಡೆ ಇನ್ನೂ ಸ್ವಲ್ಪ ದಿನ ಬರುತ್ತಿತ್ತು ನಿಜ. ಆದರೂ ಎರಡೂ ಕಡೆ ಒಟ್ಟಿಗೆ ಬದಲಿಸಬೇಕು. ಒಂದು ಕಡೆ ಹೊಸತು, ಒಂದು ಕಡೆ ಹಳತು ಇದ್ದರೆ ಜೋರಾಗಿ ಒತ್ತಿದಾಗ ಕಾರು ಒಂದು ಕಡೆಗೆ ಎಳೆಯುತ್ತದೆ.

ಪಿನ್ನುಗಳು ಕೈಯಲ್ಲೇ ಸರಾಗವಾಗಿ ಹೊರಗೆ ಬಂದವು. ಗ್ರೀಸ್ ಹಳತಾಗಿತ್ತು, ಆದರೆ ಇತ್ತು. ಒರೆಸಿ, ಹೊಸ ಗ್ರೀಸ್ ಹಚ್ಚಿ ವಾಪಸ್ ಹಾಕಿದೆ.

ಪಿಸ್ಟನ್ ಒಳಗೆ ತಳ್ಳುವುದು ಎಲ್ಲರಿಗೂ ಭಯ ಇರುವ ಹಂತ. ಮೊದಲು ಬಾನೆಟ್ಟಿನ ಒಳಗೆ ಆಯಿಲ್ ಡಬ್ಬಿಯ ಮುಚ್ಚಳ ಸಡಿಲ ಮಾಡಿ ಸುತ್ತ ಬಟ್ಟೆ ಹಾಸಬೇಕು. ಪಿಸ್ಟನ್ನಿನ ಸುತ್ತ ಇರುವ ರಬ್ಬರ್ ಮಡಿಕೆ ಹರಿದಿಲ್ಲ ಅಂತ ನೋಡಿ, ಹೊರಗೆ ಬಂದಿರುವ ಭಾಗದ ದೂಳು ಒರೆಸಬೇಕು. ಹಳೆ ಪ್ಯಾಡನ್ನೇ ಪಿಸ್ಟನ್ ಮೇಲೆ ಅಡ್ಡ ಇಟ್ಟು ಸಿ ಕ್ಲ್ಯಾಂಪಿನಲ್ಲಿ ನಿಧಾನವಾಗಿ ತಿರುಗಿಸುತ್ತಾ ಹೋದರೆ ನೆಟ್ಟಗೆ ಒಳಗೆ ಹೋಗುತ್ತದೆ. ಅರ್ಧ ಸುತ್ತು ತಿರುಗಿಸಿ, ಸ್ವಲ್ಪ ನಿಂತು, ಮತ್ತೆ ಅರ್ಧ ಸುತ್ತು. ಅವಸರ ಬೇಡ. ಕ್ಲ್ಯಾಂಪ್ ಬಿಗಿಯಾದರೂ ಪಿಸ್ಟನ್ ಅಲುಗುವುದಿಲ್ಲ ಅಂದರೆ ಬಲ ಹಾಕಬೇಡಿ. ಒಳಗೆ ತುಕ್ಕು ಹಿಡಿದಿದೆ ಅಂತ ಅರ್ಥ, ಅದು ಮನೆಯಲ್ಲಿ ಮಾಡುವ ಕೆಲಸ ಅಲ್ಲ. ಹಿಂದೆಯೂ ಡಿಸ್ಕ್ ಇರುವ ಎಷ್ಟೋ ಕಾರುಗಳಲ್ಲಿ ಹಿಂದಿನ ಪಿಸ್ಟನ್ನನ್ನು ತಿರುಗಿಸುತ್ತಲೇ ಒತ್ತಬೇಕು, ಎಲೆಕ್ಟ್ರಾನಿಕ್ ಹ್ಯಾಂಡ್ ಬ್ರೇಕ್ ಇದ್ದರೆ ಸಾಮಾನ್ಯವಾಗಿ ಕಾರಿನ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್ ಬೇಕಾಗುತ್ತದೆ. ಮುಂದಿನದ್ದಕ್ಕೆ ಅದ್ಯಾವ ತಾಪತ್ರಯವೂ ಇಲ್ಲ.

ಈ ಪಿಸ್ಟನ್ನಿನ ಬಗ್ಗೆ ನನಗೆ ಬಹಳ ಇಷ್ಟವಾದ ವಿಷಯ ಒಂದಿದೆ. ಬ್ರೇಕ್ ಬಿಟ್ಟಾಗ ಪಿಸ್ಟನ್ನನ್ನು ಹಿಂದಕ್ಕೆ ಎಳೆಯಲು ಅಲ್ಲಿ ಸ್ಪ್ರಿಂಗ್ ಏನೂ ಇಲ್ಲ. ಅದರ ಸುತ್ತ ಚೌಕ ಅಂಚಿನ ಒಂದು ರಬ್ಬರ್ ಸೀಲ್ ಇದೆ ಅಷ್ಟೆ. ಪಿಸ್ಟನ್ ಮುಂದೆ ಹೋಗುವಾಗ ಅದು ಸ್ವಲ್ಪ ತಿರುಚಿಕೊಳ್ಳುತ್ತದೆ. ಒತ್ತಡ ಹೋದಾಗ ಮೊದಲಿನ ಆಕಾರಕ್ಕೆ ಬರುತ್ತಾ ಪಿಸ್ಟನ್ನನ್ನು ಒಂದಿಷ್ಟು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಒಂದು ಮಿ.ಮೀ.ನ ಸಣ್ಣ ಭಾಗ ಮಾತ್ರ. ಪ್ಯಾಡ್ ಸವೆದಂತೆ ಪಿಸ್ಟನ್ ಸೀಲಿನೊಳಗೆ ಜಾರಿ ಮುಂದೆ ಬರುತ್ತದೆ, ಹಾಗಾಗಿ ಡಿಸ್ಕ್ ಬ್ರೇಕನ್ನು ಯಾರೂ ಕೈಯಲ್ಲಿ ಅಡ್ಜಸ್ಟ್ ಮಾಡಬೇಕಾಗಿಲ್ಲ. ಇಷ್ಟು ಸಣ್ಣ ಎಳೆತದ ಮೇಲೆ ನಿಂತ ವ್ಯವಸ್ಥೆ ಇದು. ಹಾಗಾಗಿ ಕ್ಯಾಲಿಪರ್ ಸರಾಗವಾಗಿ ಆಡದಿದ್ದರೆ ಎಲ್ಲ ಲೆಕ್ಕ ತಪ್ಪುತ್ತದೆ.

ಎಡಗಡೆ

ಅಣ್ಣನ ಮಗ ಇಂಜಿನಿಯರಿಂಗ್ ಓದುತ್ತಾನೆ, ರಜೆಗೆ ಬಂದಿದ್ದ. ಪ್ಯಾಡ್ ಕೈಗೆ ತೆಗೆದುಕೊಂಡವನೇ ಕೇಳಿದ.

"ಚಿಕ್ಕಪ್ಪ, ಎರಡೂ ಪ್ಯಾಡ್ ಒಂದೇ ಸಲ ಹಾಕಿದ್ದಲ್ವಾ? ಒಂದು ಯಾಕೆ ಇಷ್ಟು ಸವೆದಿದೆ?"

ಎಡಗಡೆಯ ಹೊರಗಿನ ಪ್ಯಾಡ್ 6 ಮಿ.ಮೀ. ಇತ್ತು. ಒಳಗಿನದ್ದು 2 ಮಿ.ಮೀ.ಗೂ ಕಡಿಮೆ, ಅದೂ ಮೇಲಿನ ತುದಿಯಲ್ಲಿ ಇನ್ನೂ ತೆಳ್ಳಗೆ, ಓರೆಯಾಗಿ. ರಿಮ್ಮಿನ ಸಂದಿಯಿಂದ ಇಣುಕಿದರೆ ಕಾಣುವುದು ಹೊರಗಿನ ಪ್ಯಾಡ್ ಮಾತ್ರ. ಅದನ್ನು ನೋಡಿದವರು ಇನ್ನೂ ಒಂದು ವರ್ಷ ಆರಾಮಾಗಿ ಓಡಿಸಬಹುದು ಅನ್ನುತ್ತಿದ್ದರು.

ನಮ್ಮ ಸಣ್ಣ ಕಾರುಗಳ ಕ್ಯಾಲಿಪರಿನಲ್ಲಿ ಪಿಸ್ಟನ್ ಒಂದೇ, ಅದೂ ಒಳಗಡೆ. ಬ್ರೇಕ್ ಒತ್ತಿದಾಗ ಪಿಸ್ಟನ್ ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಆ ಒತ್ತಡದ ಮರುಬಲಕ್ಕೆ ಇಡೀ ಕ್ಯಾಲಿಪರ್ ಒಳಮುಖವಾಗಿ ಸರಿದು ಹೊರಗಿನ ಪ್ಯಾಡನ್ನು ಎಳೆದು ಒತ್ತುತ್ತದೆ. ಎರಡೂ ಕಡೆ ಸಮನಾಗಿ ಹಿಡಿಯುವುದು ಹೀಗೆ. ಕ್ಯಾಲಿಪರ್ ಸರಿಯುವುದು ಆ ಎರಡು ಪಿನ್ನುಗಳ ಮೇಲೆ. ಪಿನ್ ಹಿಡಿದುಕೊಂಡರೆ ಕ್ಯಾಲಿಪರ್ ಸರಿಯುವುದಿಲ್ಲ. ಒಳಗಿನ ಪ್ಯಾಡ್ ಒಂದೇ ದುಡಿಯುತ್ತದೆ, ಹೊರಗಿನದ್ದು ಸುಮ್ಮನೆ ಇರುತ್ತದೆ. ಬ್ರೇಕ್ ಬಿಟ್ಟ ಮೇಲೂ ಒಳಗಿನದ್ದು ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ. ಚಕ್ರ ಬಿಸಿಯಾಗುತ್ತದೆ, ಮೈಲೇಜ್ ಇಳಿಯುತ್ತದೆ, ಘಾಟಿಯಲ್ಲಿ ಬೇಗ ಕಾಯುತ್ತದೆ.

ಕೆಳಗಿನ ಪಿನ್ ಸ್ವಲ್ಪ ಬಿಗಿ ಇದ್ದರೂ ಬಂತು. ಮೇಲಿನದ್ದು ಅಲುಗಲಿಲ್ಲ. ಅದನ್ನು ಮುಚ್ಚುವ ರಬ್ಬರ್ ಬೂಟು ಅಂಚಿನಲ್ಲಿ ಸೀಳಿತ್ತು. ಆ ಸೀಳಿನಲ್ಲಿ ಮಳೆಗಾಲದ ನೀರು ಹೋಗಿದೆ, ಗ್ರೀಸ್ ತೊಳೆದು ಹೋಗಿದೆ, ಪಿನ್ ತುಕ್ಕು ಹಿಡಿದು ತೂತಿಗೆ ಕಚ್ಚಿಕೊಂಡಿದೆ. ಹಿಂದಿನ ಸಲ ಪ್ಯಾಡ್ ಬದಲಿಸಿದ್ದು ಒಂದು ಗ್ಯಾರೇಜಿನಲ್ಲಿ. ಕೆಳಗಿನ ಬೋಲ್ಟ್ ಬಿಚ್ಚಿ, ಕ್ಯಾಲಿಪರ್ ಮೇಲಕ್ಕೆತ್ತಿ, ಪ್ಯಾಡ್ ತುರುಕಿ ಕಳಿಸಿದ್ದರು. ಅಷ್ಟು ಬೇಗ ಮುಗಿಸಿದರೆ ಮೇಲಿನ ಪಿನ್ ನೋಡಲು ಆಗುವುದೇ ಇಲ್ಲ.

ಇಲ್ಲಿಂದ ಮುಂದೆ ಹೋದ ಹೊತ್ತು ಬಾಕಿ ಎಲ್ಲ ಕೆಲಸಕ್ಕಿಂತ ಜಾಸ್ತಿ. ಕಾರಿನ ಮೇಲೇ ಇಟ್ಟು ಗುದ್ದಾಡುವ ಬದಲು, ಪಿನ್ನುಗಳು ಕೂರುವ ಬ್ರ್ಯಾಕೆಟ್ಟಿನ ಎರಡು ದೊಡ್ಡ ಬೋಲ್ಟ್ ಬಿಚ್ಚಿ, ಬ್ರ್ಯಾಕೆಟ್ಟನ್ನೇ ಹೊರಗೆ ತೆಗೆದು ಜಗಲಿಗೆ ತಂದೆವು. ಆ ಬೋಲ್ಟುಗಳು ಬಹಳ ಬಿಗಿ ಇರುತ್ತವೆ. ಉದ್ದ ಹಿಡಿಯ ಸ್ಪ್ಯಾನರ್ ಹಾಕಿ, ಕಾರು ಅಲುಗದ ಹಾಗೆ ಬಲ ಬಿಡಬೇಕು. ಬ್ರ್ಯಾಕೆಟ್ ಹೊರಗೆ ಬಂದರೆ ಇನ್ನೊಂದು ಅನುಕೂಲ ಇದೆ. ತುಕ್ಕು ಬಿಡಿಸುವ ಡಬ್ಲ್ಯೂಡಿ-40 ಸ್ಪ್ರೇ ಡಿಸ್ಕಿಗಾಗಲಿ ಪ್ಯಾಡಿಗಾಗಲಿ ತಾಗುವ ಭಯ ಇರುವುದಿಲ್ಲ.

ಸೀಳಿದ ಬೂಟನ್ನು ಕತ್ತರಿಸಿ ಎಸೆದು, ಪಿನ್ನಿನ ಬುಡಕ್ಕೆ ಸ್ಪ್ರೇ ಹೊಡೆದು, ಒಂದು ಲೋಟ ಕಾಫಿ ಕುಡಿದು ಬರುವಷ್ಟು ಹೊತ್ತು ಬಿಟ್ಟೆ. ಆಮೇಲೆ ಪಿನ್ನಿನ ತಲೆಗೆ ಸ್ಪ್ಯಾನರ್ ಹಾಕಿ ಒಂದಿಷ್ಟು ಎಡಕ್ಕೆ, ಒಂದಿಷ್ಟು ಬಲಕ್ಕೆ. ನೇರ ಎಳೆಯಬಾರದು, ಮೊದಲು ತಿರುಗಲು ಶುರುವಾಗಬೇಕು. ಸುತ್ತಿಗೆಯಲ್ಲಿ ಬ್ರ್ಯಾಕೆಟ್ಟಿನ ಮೈಗೆ ಹಗುರವಾಗಿ ತಟ್ಟುತ್ತಾ, ಮತ್ತೆ ಸ್ಪ್ರೇ, ಮತ್ತೆ ತಿರುಗಿಸುವುದು. ಕರಕರ ಅನ್ನುತ್ತಾ ತಿರುಗಲು ಶುರುವಾದ ಮೇಲೆ ಪ್ರತಿ ತಿರುಗಿಗೂ ಸ್ವಲ್ಪ ಸ್ವಲ್ಪ ಹೊರಗೆ ಬಂತು. ಕೊನೆಗೆ ಕೆಂಪು ನೀರಿನ ಜೊತೆ ಪೂರ್ತಿ ಹೊರಗೆ. ಹುಡುಗ ಆ ಪಿನ್ ಹಿಡಿದುಕೊಂಡು ಬಹಳ ಹೊತ್ತು ನೋಡಿದ. ಪುಸ್ತಕದಲ್ಲಿ ಘರ್ಷಣೆ ಅಂತ ಓದಿದ್ದು ಕೈಗೆ ಸಿಕ್ಕಿತ್ತು.

ಪಿನ್ನಿನ ಮೇಲೆ ತುಕ್ಕು ಮೇಲ್ಮೈಯಲ್ಲಷ್ಟೇ ಇದ್ದರೆ ನುಣುಪು ಉಪ್ಪು ಕಾಗದದಲ್ಲಿ ತಿಕ್ಕಿ ಹೊಳಪು ಮಾಡಿ ಬಳಸಬಹುದು. ಗುಳಿ ಬಿದ್ದಿದ್ದರೆ ಹೊಸ ಪಿನ್ನೇ ಹಾಕಬೇಕು. ನಮ್ಮದರಲ್ಲಿ ಗುಳಿ ಇರಲಿಲ್ಲ. ತೂತಿನ ಒಳಗೆ ಬೆತ್ತದ ಕಡ್ಡಿಗೆ ಬಟ್ಟೆ ಸುತ್ತಿ, ಬ್ರೇಕ್ ಕ್ಲೀನರ್ ಹೊಡೆದು, ಬಟ್ಟೆ ಬಿಳಿಯಾಗಿ ಹೊರಗೆ ಬರುವ ತನಕ ತಿರುಗಿಸಿ ತೆಗೆದೆವು. ತೂತನ್ನು ಒರಟು ಕಾಗದದಲ್ಲಿ ಕೆರೆಯಬಾರದು, ಅಗಲವಾದರೆ ಪಿನ್ ಅಲ್ಲಾಡಿ ಕಟಕಟ ಶಬ್ದ ಬರುತ್ತದೆ.

ಇಲ್ಲಿ ನೋಡಿಕೊಳ್ಳಬೇಕಾದ ವಿಷಯ ಒಂದಿದೆ. ಎಷ್ಟೋ ಕಾರುಗಳಲ್ಲಿ ಎರಡು ಪಿನ್ ಒಂದೇ ತರ ಇರುವುದಿಲ್ಲ. ಒಂದರ ತುದಿಯಲ್ಲಿ ರಬ್ಬರ್ ಉಂಗುರ ಇರುತ್ತದೆ ಅಥವಾ ಒಂದು ಬದಿ ಚಪ್ಪಟೆ ಮಾಡಿರುತ್ತಾರೆ. ಮೇಲಿನದ್ದು ಕೆಳಗೆ, ಕೆಳಗಿನದ್ದು ಮೇಲೆ ಆದರೆ ಮತ್ತೆ ಹಿಡಿದುಕೊಳ್ಳುತ್ತದೆ. ಬಿಚ್ಚುವಾಗಲೇ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಗ್ರೀಸ್ ವಿಷಯದಲ್ಲಿ ಎಷ್ಟು ಹೇಳಿದರೂ ಕಡಿಮೆ. ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸ್, ಎಂಜಿನ್ ಆಯಿಲ್ ಇಲ್ಲಿ ಬೇಡವೇ ಬೇಡ. ಬ್ರೇಕಿನ ರಬ್ಬರ್ ಪೆಟ್ರೋಲಿಯಂ ತಾಗಿದರೆ ಊದಿಕೊಳ್ಳುತ್ತದೆ. ಊದಿದ ರಬ್ಬರೇ ಪಿನ್ನನ್ನು ಹಿಡಿದುಕೊಳ್ಳುತ್ತದೆ, ಬೂಟು ಕೂಡ ಕೊಳೆಯುತ್ತದೆ. ಬ್ರೇಕಿಗೆಂದು ಬರುವ, ಶಾಖ ತಡೆಯುವ ಸಿಲಿಕೋನ್ ಗ್ರೀಸ್ ಮಾತ್ರ. ಅದೂ ತೆಳುವಾಗಿ. ತೂತಿನ ತುಂಬ ತುಂಬಿಸಿದರೆ ಒಳಗೆ ಗಾಳಿ ಸಿಕ್ಕಿಕೊಂಡು ಪಿನ್ ತಳ್ಳಿದ ಹಾಗೆ ವಾಪಸ್ ಬರುತ್ತದೆ. ಹೊಸ ಬೂಟು ಕೂರಿಸಿ, ಪಿನ್ ಹಾಕಿ, ಬೆರಳಲ್ಲಿ ಒತ್ತಿದೆ. ಮೆತ್ತಗೆ ಒಳಗೆ ಹೋಯಿತು, ಎಳೆದರೆ ಮೆತ್ತಗೆ ಹೊರಗೆ ಬಂತು. ಬೂಟಿನ ಅಂಚು ಪಿನ್ನಿನ ಮೈಯಲ್ಲಿ ಕೊರೆದ ಸಂದಿಯಲ್ಲಿ ಸುತ್ತಲೂ ಕೂತಿದೆಯಾ ಅಂತ ಬೆರಳಾಡಿಸಿ ನೋಡಬೇಕು. ಮುಂದಿನ ಮಳೆಗಾಲ ದಾಟುವುದು ಆ ಅಂಚಿನ ಮೇಲೆ ನಿಂತಿದೆ.

ಡಿಸ್ಕ್, ಕ್ಲಿಪ್, ಜೋಡಣೆ

ಬ್ರ್ಯಾಕೆಟ್ಟಿನಲ್ಲಿ ಪ್ಯಾಡಿನ ಕಿವಿ ಕೂರುವ ಜಾಗದಲ್ಲಿ ಸ್ಟೀಲಿನ ತೆಳು ಕ್ಲಿಪ್ಪುಗಳಿವೆ. ಅವುಗಳನ್ನು ತೆಗೆದರೆ ಅಡಿಯಲ್ಲಿ ತುಕ್ಕು ಹಕ್ಕಳೆ ಕಟ್ಟಿತ್ತು. ಈ ತುಕ್ಕು ಕ್ಲಿಪ್ಪನ್ನು ಮೇಲಕ್ಕೆ ಎಬ್ಬಿಸುತ್ತದೆ, ಪ್ಯಾಡ್ ಬಿಗಿಯಾಗುತ್ತದೆ. ತಂತಿ ಬ್ರಷ್ಷಿನಲ್ಲಿ ಲೋಹ ಕಾಣುವ ತನಕ ತಿಕ್ಕಿ, ಹೊಸ ಕ್ಲಿಪ್ ಹಾಕಿದೆ. ಹೊಸ ಪ್ಯಾಡ್ ಅದರಲ್ಲಿ ಬೆರಳಿನ ಒತ್ತಿಗೆ ಜಾರಬೇಕು. ಸುತ್ತಿಗೆಯಲ್ಲಿ ಹೊಡೆದು ಕೂರಿಸುವ ಹಾಗಿದ್ದರೆ ಎಲ್ಲೋ ತುಕ್ಕು ಉಳಿದಿದೆ ಅಂತ.

ಡಿಸ್ಕಿನ ಅಂಚಿನಲ್ಲಿ ಅಥವಾ ನಡುವಿನ ಟೊಪ್ಪಿಯ ಮೇಲೆ ಅದರ ಕನಿಷ್ಠ ದಪ್ಪ ಕೆತ್ತಿರುತ್ತದೆ. ಅದಕ್ಕಿಂತ ತೆಳ್ಳಗಾಗಿದ್ದರೆ ಡಿಸ್ಕನ್ನೂ ಬದಲಿಸಬೇಕು. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು, ಬಿರುಕು, ನೀಲಿ ಕಲೆ ಇದ್ದರೂ ಹಾಗೇ. ಬ್ರೇಕ್ ಒತ್ತಿದಾಗ ಪೆಡಲ್ ನಡುಗುತ್ತಿದ್ದರೆ ಡಿಸ್ಕಿನ ದಪ್ಪ ಸುತ್ತಲೂ ಒಂದೇ ಸಮ ಇಲ್ಲದಿರಬಹುದು, ಬರೀ ಪ್ಯಾಡ್ ಹಾಕಿದರೆ ಅದು ಹೋಗುವುದಿಲ್ಲ. ನಮ್ಮ ಎರಡೂ ಡಿಸ್ಕ್ ಚೆನ್ನಾಗಿದ್ದವು, ಎಡಗಡೆಯದ್ದರ ಒಳಮುಖದಲ್ಲಿ ಮಾತ್ರ ಸಣ್ಣ ಗೆರೆಗಳು. ಬ್ರೇಕ್ ಕ್ಲೀನರ್ ಹೊಡೆದು ಒರೆಸಿದೆ. ದೂಳನ್ನು ಕಂಪ್ರೆಸರ್ ಗಾಳಿಯಲ್ಲಿ ಊದಬಾರದು, ಒದ್ದೆ ಮಾಡಿ ಒರೆಸಬೇಕು. ಮಾಸ್ಕ್ ತೆಗೆಯಬೇಡಿ.

ಹೊಸ ಪ್ಯಾಡಿನ ಕಿವಿಗೆ ಮತ್ತು ಬೆನ್ನಿಗೆ ಚೂರೇ ಚೂರು ಗ್ರೀಸ್ ಹಚ್ಚಿದರೆ ಕೀರಲು ಬರುವುದಿಲ್ಲ. ಉಜ್ಜುವ ಮುಖಕ್ಕೆ ಗ್ರೀಸಿನ ಬೆರಳು ಕೂಡ ತಾಗಬಾರದು. ಕೂಗುವ ನಾಲಿಗೆ ಇರುವ ಪ್ಯಾಡ್ ಹಳೆಯದರಲ್ಲಿ ಒಳಗಡೆ ಇತ್ತು, ಹೊಸದನ್ನೂ ಅಲ್ಲೇ ಕೂರಿಸಿದೆ. ಪ್ಯಾಡಿನ ಪದರ ಡಿಸ್ಕಿನ ಕಡೆ ಇದೆಯಾ ಅಂತ ಕೊನೆಗೊಮ್ಮೆ ನೋಡುವುದರಲ್ಲಿ ನಾಚಿಕೆ ಏನಿಲ್ಲ.

ಬೋಲ್ಟುಗಳಲ್ಲಿ ಪಿನ್ ಬೋಲ್ಟಿಗೆ ಕಡಿಮೆ ಬಿಗಿ ಸಾಕು, ಬ್ರ್ಯಾಕೆಟ್ ಬೋಲ್ಟಿಗೆ ಜಾಸ್ತಿ ಬೇಕು. ಎರಡಕ್ಕೂ ಒಂದೇ ಬಲ ಹಾಕಿದರೆ ಸಣ್ಣದು ಮುರಿಯುತ್ತದೆ ಅಥವಾ ದೊಡ್ಡದು ಸಡಿಲ ಉಳಿಯುತ್ತದೆ. ವೀಲ್ ನಟ್ ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್ ನಡುವೆ. ನಿಮ್ಮ ಕಾರಿನದ್ದು ಮ್ಯಾನುಯಲ್ಲಿನಲ್ಲಿ ಇರುತ್ತದೆ. ಚಕ್ರ ನೆಲಕ್ಕೆ ಇಳಿದ ಮೇಲೆ ಎದುರುಬದುರು ನಟ್‌ಗಳನ್ನು ಸರದಿಯಲ್ಲಿ ಬಿಗಿ ಮಾಡಬೇಕು. ವೀಲ್ ಸ್ಪ್ಯಾನರ್ ಮೇಲೆ ಹತ್ತಿ ಕುಣಿಯುವ ಪದ್ಧತಿ ಬಿಟ್ಟುಬಿಡಿ.

ಹೊರಗೆ ತೆಗೆಯುವ ಮೊದಲು

ಈ ಸಾಲನ್ನು ಮಾತ್ರ ಯಾರೂ ಮರೆಯಬಾರದು. ಪಿಸ್ಟನ್ ಒಳಗೆ ತಳ್ಳಿರುವುದರಿಂದ ಮೊದಲ ಒತ್ತಿಗೆ ಪೆಡಲ್ ನೆಲಕ್ಕೆ ಹೋಗುತ್ತದೆ, ಬ್ರೇಕೇ ಇರುವುದಿಲ್ಲ. ಕಾರು ಅಲ್ಲಾಡಿಸುವ ಮೊದಲೇ ಪೆಡಲ್ ಗಟ್ಟಿಯಾಗುವ ತನಕ ಮತ್ತೆ ಮತ್ತೆ ಒತ್ತಬೇಕು. ಆಮೇಲೆ ಆಯಿಲ್ ಮಟ್ಟ ನೋಡಿ ಮುಚ್ಚಳ ಬಿಗಿ ಮಾಡಬೇಕು. ಒತ್ತಿ ಹಿಡಿದಾಗ ಪೆಡಲ್ ನಿಧಾನವಾಗಿ ಇಳಿಯುತ್ತಿದ್ದರೆ, ಸ್ಪಂಜಿನ ಹಾಗೆ ಮೆತ್ತಗಿದ್ದರೆ ರಸ್ತೆಗೆ ಹೋಗುವ ಹಾಗಿಲ್ಲ.

ಬೆಳಿಗ್ಗೆ ಬೇಗ, ರಸ್ತೆ ಖಾಲಿ ಇರುವಾಗ ಪ್ಯಾಡ್ ಕೂರಿಸಲು ಹೊರಟೆವು. 50 ಕಿ.ಮೀ. ವೇಗಕ್ಕೆ ಏರಿಸಿ, ಹದವಾಗಿ ಒತ್ತಿ 10ಕ್ಕೆ ಇಳಿಸುವುದು, ಪೂರ್ತಿ ನಿಲ್ಲಿಸದೆ ಮತ್ತೆ ಏರಿಸುವುದು. ಹೀಗೆ ಎಂಟು ಹತ್ತು ಸಲ, ನಡುವೆ ಸ್ವಲ್ಪ ಆರಲು ಬಿಟ್ಟು. ಪ್ಯಾಡಿನ ಪದರ ಡಿಸ್ಕಿನ ಮೇಲೆ ತೆಳುವಾಗಿ, ಸಮನಾಗಿ ಕೂರಬೇಕು, ಆಗಲೇ ಹಿಡಿತ ಬರುವುದು. ಕಾದ ಡಿಸ್ಕಿನಲ್ಲಿ ಬ್ರೇಕ್ ಒತ್ತಿ ನಿಂತರೆ ಪದರ ಒಂದೇ ಜಾಗದಲ್ಲಿ ಅಂಟುತ್ತದೆ. ಮೊದಲ 200–300 ಕಿ.ಮೀ. ಆದಷ್ಟು ಜೋರು ಬ್ರೇಕ್ ಬೇಡ, ಘಾಟಿಯೂ ಬೇಡ.

ಪಿನ್ ಸರಿಯಾಯಿತಾ ಅಂತ ತಿಳಿಯಲು ಸುಲಭದ ದಾರಿ ಇದೆ. ಐದಾರು ಕಿ.ಮೀ. ಆದಷ್ಟು ಬ್ರೇಕ್ ಒತ್ತದೆ ಓಡಿಸಿ, ಕೊನೆಗೆ ಗೇರ್ ಇಳಿಸುತ್ತಾ ನಿಧಾನ ಮಾಡಿ ನಿಲ್ಲಿಸಿ, ಎರಡೂ ಮುಂದಿನ ಚಕ್ರದ ಹತ್ತಿರ ಕೈ ಹಿಡಿಯಿರಿ. ಮುಟ್ಟಬೇಡಿ. ಒಂದು ಕಡೆ ಕಾವು ಹೊಡೆದರೆ ಅಲ್ಲಿ ಏನೋ ಹಿಡಿದಿದೆ. ಮೊದಲು ಎಡಗಡೆಯಿಂದ ಕಾವು ಬರುತ್ತಿತ್ತು. ಈಗ ಎರಡೂ ಒಂದೇ ಸಮ. ಕಾರು ನ್ಯೂಟ್ರಲ್ಲಿನಲ್ಲಿ ಮೊದಲಿಗಿಂತ ಸರಾಗವಾಗಿ ಉರುಳುತ್ತಿದೆ, ಅಂಗಳದಲ್ಲಿ ತಳ್ಳಿದರೂ ಗೊತ್ತಾಗುತ್ತದೆ.

ಪ್ಯಾಡ್ ಕೂತ ಮೇಲೆ ಆಗುಂಬೆ ಇಳಿದು ಬಂದೆ. ಎರಡನೇ ಗೇರಿನಲ್ಲಿ ಎಂಜಿನ್ನೇ ಕಾರನ್ನು ಹಿಡಿದುಕೊಳ್ಳುತ್ತದೆ, ತಿರುವಿನ ಮೊದಲು ಒಂದು ಗಟ್ಟಿ ಒತ್ತು, ಬಿಡುವುದು. ಇಡೀ ಘಾಟಿ ಪೆಡಲ್ ಮೇಲೆ ಕಾಲಿಟ್ಟುಕೊಂಡು ಇಳಿದರೆ ಯಾವ ಪ್ಯಾಡೂ ತಡೆಯುವುದಿಲ್ಲ. ಸೋಮೇಶ್ವರದಲ್ಲಿ ನಿಲ್ಲಿಸಿ ನೋಡಿದಾಗ ಎರಡೂ ಚಕ್ರದ ಕಾವು ಹೆಚ್ಚುಕಡಿಮೆ ಒಂದೇ.

ಬಾಕಿ ಉಳಿದಿರುವುದು ಬ್ರೇಕ್ ಆಯಿಲ್. ಡಬ್ಬಿಯಲ್ಲಿರುವುದು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದೆ. ಈ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 3, ಡಾಟ್ 4 ಅನ್ನುವುದು ಅದರ ದರ್ಜೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನುವುದು ಗುಣಮಟ್ಟದ ಲೆಕ್ಕ, ತೇವ ಹೀರಿದ್ದಕ್ಕೆ ಆ ಮಿತಿ 140. ಡಾಟ್ 4ಕ್ಕೆ 230 ಮತ್ತು 155. ಘಾಟಿಯಲ್ಲಿ ಕುದಿದರೆ ಪೈಪಿನಲ್ಲಿ ಆವಿ ತುಂಬಿ ಪೆಡಲ್ ಟೊಳ್ಳಾಗುತ್ತದೆ. ನಮ್ಮ ಕಡೆಯ ತೇವದ ಹವೆಯಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು. ಎಬಿಎಸ್ (ಜೋರು ಬ್ರೇಕಿನಲ್ಲಿ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವುದರಿಂದ ಅದನ್ನು ಪರಿಚಯದ ಗ್ಯಾರೇಜಿನಲ್ಲೇ ಮಾಡಿಸುತ್ತೇನೆ, ಹಿಂದಿನ ಡ್ರಮ್ ಬಿಚ್ಚಿ ಒಳಗಿನ ಕೆಸರು ತೆಗೆಯಲೂ ಅವರಿಗೇ ಹೇಳಿದ್ದೇನೆ. ಪಿನ್ನುಗಳನ್ನು ಮಾತ್ರ ಇನ್ನು ಮುಂದೆ ಮಳೆಗಾಲ ಮುಗಿದ ಮೇಲೆ, ಅಡಿಕೆ ಕೊಯ್ಲು ಶುರುವಾಗಿ ಅಂಗಳ ತುಂಬುವ ಮೊದಲು, ನಾನೇ ಬಿಚ್ಚಿ ಗ್ರೀಸ್ ಹಾಕುತ್ತೇನೆ.